ಕನಿಷ್ಠ 4 ತುಂಡು ಚಿಗುರುವ ಸಂಭವನೀಯತೆ: 1280/3125 ಯಾಕೆ ಸರಿಯಲ್ಲ?

ಪ್ರಶ್ನೆ (ಮಂಡ್ಯ): ಕಬ್ಬಿನ ಒಂದು ಬಿತ್ತನೆ ತುಂಡು ಚಿಗುರುವ ಸಂಭವನೀಯತೆ 4/5. 5 ತುಂಡು ನೆಟ್ಟರೆ ಕನಿಷ್ಠ 4 ಚಿಗುರುವ ಸಂಭವನೀಯತೆ ಎಷ್ಟು? ನನಗೆ 1280/3125 ಬರ್ತಿದೆ, ಪುಸ್ತಕದ ಉತ್ತರ 2304/3125. ಎಲ್ಲಿ ತಪ್ತಿದೆ ಸಾರ್?

ಉತ್ತರ 1: ಪುಸ್ತಕ ಸರಿಯಾಗಿದೆ. ಎನ್ (ನೆಟ್ಟ ತುಂಡುಗಳು)=5, ಪಿ (ಒಂದು ತುಂಡು ಚಿಗುರುವ ಸಂಭವನೀಯತೆ)=4/5, ಕ್ಯೂ (ಚಿಗುರದಿರುವ ಸಂಭವನೀಯತೆ)=1/5. ‘ಕನಿಷ್ಠ 4’ ಅಂದ್ರೆ 4 ಅಥವಾ 5, ಎರಡನ್ನೂ ಕೂಡಿಸಬೇಕು.
4 ಚಿಗುರಲು: 5ಸಿ4 × (4/5)⁴ × (1/5) = 5 × 256/3125 = 1280/3125 (5ಸಿ4 ಅಂದ್ರೆ 5ರಲ್ಲಿ 4 ಆರಿಸುವ ವಿಧಾನಗಳು, 5)
5 ಚಿಗುರಲು: (4/5)⁵ = 1024/3125
ಮೊತ್ತ 2304/3125, ಸುಮಾರು 0.737.
ತಮಾಷೆ ಏನಪ್ಪಾ ಅಂದ್ರೆ, ನಿಮ್ಮ 1280 ಎರಡು ದಾರೀಲಿ ಬರುತ್ತೆ. ‘ನಿಖರವಾಗಿ 4’ಕ್ಕೇ ನಿಲ್ಲಿಸಿದ್ರೂ ಅದೇ, 5ಸಿ4 ಬಿಟ್ಟು 256+1024 ಮಾಡಿದ್ರೂ ಅದೇ. ನಿಮ್ಮದು ಯಾವುದು ಅಂತ ಹಂತ ನೋಡಿ. ಚಿಗುರದ ಆ ಒಂದು ತುಂಡು ಐದರಲ್ಲಿ ಯಾವುದಾದ್ರೂ ಆಗಬಹುದು, ಅದಕ್ಕೇ 5ರ ಗುಣಾಕಾರ.

ಉತ್ತರ 2 (ಮೈಸೂರು): ‘ಕನಿಷ್ಠ 1’ ಕೇಳಿದ್ರೆ ಐದು ಪದ ಕೂಡಿಸೋಕೆ ಹೋಗಬೇಡಿ, 1 − (1/5)⁵ = 3124/3125, ಮುಗೀತು. ಇನ್ನೊಂದು: 10 ರೇಷ್ಮೆಗೂಡಲ್ಲಿ 2 ಕೆಟ್ಟದ್ದಿದ್ದು, ವಾಪಸ್ ಹಾಕದೆ 3 ತೆಗೆದ್ರೆ ಮೇಲೆ ಬಳಸಿದ ದ್ವಿಪದ ಸೂತ್ರ ನಡೆಯಲ್ಲ. ಪ್ರತಿ ಸಲ ತೆಗೆದಾಗಲೂ ಪಿ ಬದಲಾಗುತ್ತೆ.