ಹಳೇ ಬೀಟಲ್ ರೇಸ್ ಕಾರು: ಬಾನೆಟ್ ಎತ್ತದೆ ಪೆಟ್ರೋಲ್ ಹಾಕೋದು ಹೇಗೆ?

ಪ್ರಶ್ನೆ (ಶಿರಸಿ ಹತ್ತಿರದಿಂದ):
ನಮಸ್ಕಾರ. ನನ್ನ ಹತ್ತಿರ 1965ರ ಫೋಕ್ಸ್‌ವ್ಯಾಗನ್ ಬೀಟಲ್ ಇದೆ. ಹಿಂದಿನವರು ಚೆನ್ನೈ ಹತ್ತಿರದ ಶೋಲಾವರಂ ರೇಸಿನಲ್ಲಿ ಓಡಿಸಿದ್ದರಂತೆ. ರೋಲ್ ಕೇಜ್, ಬಕೆಟ್ ಸೀಟ್ ಈಗಲೂ ಇವೆ. ಕಷ್ಟ ಏನಂದ್ರೆ, ಟ್ಯಾಂಕ್ ಇರೋದು ಮುಂದೆ, ಬಾನೆಟ್ ಅಡಿಯಲ್ಲಿ; ಪೆಟ್ರೋಲ್ ಹಾಕಲು ಪ್ರತಿ ಸಲ ಮುಂದಿನ ಬಾನೆಟ್ ಎತ್ತಬೇಕು. ಮಳೆಗಾಲದಲ್ಲಿ ಬಂಕಿನಲ್ಲಿ ಬಾನೆಟ್ ಎತ್ತಿದರೆ ಒಳಗೆಲ್ಲ ನೀರು. ಸ್ವಲ್ಪ ಚೆಲ್ಲಿದರೂ ದೇವಿಮನೆ ಘಾಟ್ ಇಳಿಯುವವರೆಗೆ ವಾಸನೆ ಹೋಗುವುದಿಲ್ಲ. 1968ರ ಮಾಡೆಲ್ ತರಹ ಪಕ್ಕದಲ್ಲಿ ಮುಚ್ಚಳ ಕೊರೆಸಲಾ?

ಉತ್ತರ (ಕಾರವಾರ, ಗ್ಯಾರೇಜ್ ಕೆಲಸದವ):
ಹೆಗಡೆಯವರೇ, ಪಕ್ಕಕ್ಕೆ ಮಾತ್ರ ಕೈ ಹಾಕಬೇಡಿ. 1968ರಲ್ಲಿ ಆ ಮುಚ್ಚಳ ಬಂದದ್ದು ಬಲಗಡೆ ಬಾಡಿಯಲ್ಲೇ. ಅಂದರೆ ಬಾಡಿ ಶೆಲ್ (ಕಾರಿನ ಹೊರಗೂಡು) ಕತ್ತರಿಸಬೇಕಾಗುತ್ತದೆ. 50 ವರ್ಷ ದಾಟಿದ ಗಾಡಿಗೆ ವಿಂಟೇಜ್ ನೋಂದಣಿ ಅಂತ 2021ರಲ್ಲಿ ನಿಯಮ ಬಂತು, ನಂಬರಿನಲ್ಲಿ ‘ವಿಎ’ ಅಂತ ಇರುತ್ತದೆ. ಅದಕ್ಕೆ ಚಾಸಿ, ಬಾಡಿ ಶೆಲ್, ಎಂಜಿನ್ ಮೂಲದಂತೆ ಇರಬೇಕು. ಇವತ್ತು ಕೊರೆಸಿ ನಾಳೆ ಆರ್‌ಟಿಒ ಮುಂದೆ ತಲೆ ಕೆರೆದುಕೊಳ್ಳೋದು ಯಾಕೆ?

ಬಾನೆಟ್ ಹಾಗಲ್ಲ, ಬೋಲ್ಟ್ ಬಿಚ್ಚಿದರೆ ಕೈಗೆ ಬರುತ್ತದೆ. ಹಳೇ ಬಾನೆಟ್ ಇನ್ನೊಂದು ಹುಡುಕಿ, ಪೆಟ್ರೋಲ್ ಕ್ಯಾಪ್ ಹೊರಗೆ ಬರುವಷ್ಟು ಅದಕ್ಕೆ ತೂತು ಮಾಡಿ. ಒರಿಜಿನಲ್ ಅಟ್ಟದ ಮೇಲಿರಲಿ. ಪೋರ್ಷೆ 911ರ ರೇಸ್ ಕಾರುಗಳಲ್ಲೂ ಬಾನೆಟ್ ನಡುವಿನಿಂದಲೇ ಪೆಟ್ರೋಲ್ ಹಾಕುತ್ತಿದ್ದರು. ಕೊರೆಯುವ ಮೊದಲು ಅಡಿಯ ಪಟ್ಟಿಗಳನ್ನು ನೋಡಿಕೊಳ್ಳಿ. ಅವು ತುಂಡಾದರೆ ಬಾನೆಟ್ ಅಲುಗಾಡುತ್ತದೆ.

ತುಂಬಾ ಜನ ಎಡವೋದು ಇಲ್ಲಿ: ಕ್ಯಾಪನ್ನು ಬಾನೆಟ್ಟಿಗೆ ಕೂರಿಸಿಬಿಡುತ್ತಾರೆ. ಆಮೇಲೆ ಬಾನೆಟ್ ಎತ್ತುವುದು ಹೇಗೆ? ಕ್ಯಾಪ್ ಮತ್ತು ಅದರ ಕುತ್ತಿಗೆ (ಪೆಟ್ರೋಲ್ ಸುರಿಯುವ ಪೈಪ್) ಕೆಳಗಿನ ಬ್ರಾಕೆಟ್ ಮೇಲೆ ನಿಲ್ಲಬೇಕು. ಟ್ಯಾಂಕ್ ಹಿಡಿದಿರುವ ನಾಲ್ಕು ಬೋಲ್ಟ್ ಇವೆಯಲ್ಲ, ಬ್ರಾಕೆಟ್ ಅದಕ್ಕೇ ಕಟ್ಟಿ. ಬಾನೆಟ್ ತೂತಿಗೆ ರಬ್ಬರ್ ಬಳೆ ಸಾಕು. ಕ್ಯಾಪ್ ಸುತ್ತ ಸಣ್ಣ ತಟ್ಟೆ ಮಾಡಿ, ಅದರಿಂದ ಕಾರಿನ ಅಡಿಗೆ ಪೈಪ್ ಬಿಡಿ. ಮಳೆ ನೀರು, ಚೆಲ್ಲಿದ ಪೆಟ್ರೋಲ್ ಎರಡೂ ಹೊರಗೆ ಹೋಗುತ್ತವೆ.

ಟ್ಯಾಂಕಿನಿಂದ ಕುತ್ತಿಗೆಗೆ ಬರೀ ಕಬ್ಬಿಣದ ಪೈಪ್ ಬೇಡ. ಮುಂದೆ ಗುದ್ದಿದರೆ ಟ್ಯಾಂಕೇ ಹರಿದುಹೋದೀತು. ನಡುವೆ ಎಥನಾಲ್ ತಡೆಯುವ ಪೆಟ್ರೋಲ್ ಹೋಸ್ ಇರಲಿ, ಎರಡೂ ಕಡೆ ಕ್ಲಿಪ್. ಹಳೇ ರಬ್ಬರ್ ಈಗಿನ ಇ20ಗೆ (ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲ್) ಬೇಗ ಹಾಳಾಗುತ್ತದೆ. ರಬ್ಬರ್ ಬಂದಮೇಲೆ ಕುತ್ತಿಗೆಗೂ ಬಾಡಿಗೂ ಕರೆಂಟ್ ಸಂಬಂಧ ತಪ್ಪಬಹುದು, ಸ್ಟ್ಯಾಟಿಕ್ ಕಿಡಿ ಹಾರಬಹುದು. ಒಂದು ಅರ್ಥಿಂಗ್ ವೈರ್ ಕಟ್ಟಿ. ಗಾಳಿ ಹೊರಗೆ ಹೋಗಲು ವೆಂಟ್ ಪೈಪ್ ಬೇಕೇ ಬೇಕು, ಇಲ್ಲದಿದ್ದರೆ ಪೆಟ್ರೋಲ್ ಮೇಲಕ್ಕೆ ಉಗುಳುತ್ತದೆ. ಕಾರು ಮಗುಚಿದರೆ ಮುಚ್ಚಿಕೊಳ್ಳುವ ವಾಲ್ವ್ ಆ ಪೈಪಿನಲ್ಲಿರಲಿ.

ಅಲ್ಯೂಮಿನಿಯಂ ಕ್ಯಾಪ್ ತಂದರೆ ಕಬ್ಬಿಣಕ್ಕೆ ನೇರ ತಾಗಿಸಬೇಡಿ, ನಡುವೆ ಗ್ಯಾಸ್ಕೆಟ್ ಹಾಕಿ. ನಮ್ಮ ಕರಾವಳಿಯ ಉಪ್ಪುಗಾಳಿಗೆ ಅದು ಬಿಳಿ ಪುಡಿ ಕಟ್ಟುತ್ತದೆ.

ಪ್ರಶ್ನೆ ಕೇಳಿದವರು:
ಸರಿ ಅಣ್ಣ. ಟ್ಯಾಂಕ್ ಖಾಲಿ ಮಾಡಿ ಎರಡು ದಿನ ಬಿಸಿಲಿಗಿಟ್ಟಿದ್ದೇನೆ. ಕುತ್ತಿಗೆ ಉದ್ದ ಮಾಡಲು ಇಲ್ಲೇ ವೆಲ್ಡಿಂಗ್ ಮಾಡಿಸಲಾ? ಅಡಿಕೆ ಬೇಯಿಸುವ ಒಲೆ ಪಕ್ಕದ ಶೆಡ್ಡಿನಲ್ಲಿ ಜಾಗ ಇದೆ.

ಉತ್ತರ:
ಬೇಡ ಮಾರಾಯ್ರೇ! ಖಾಲಿ ಟ್ಯಾಂಕೇ ಹೆಚ್ಚು ಅಪಾಯ. ತುಂಬಿದ್ದರಲ್ಲಿ ಗಾಳಿಗೆ ಜಾಗ ಇಲ್ಲ, ಖಾಲಿಯದರಲ್ಲಿ ಆವಿ ಮತ್ತು ಗಾಳಿ ಸೇರಿ ಕೂತಿರುತ್ತವೆ. ಬಿಸಿಲಿಗಿಟ್ಟರೂ ಜೋಡಣೆ ಸಂದಿಯಲ್ಲಿ, ತುಕ್ಕಿನಲ್ಲಿ ಪೆಟ್ರೋಲ್ ಉಳಿದಿರುತ್ತದೆ. ಅದರ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದು ನಿಮ್ಮ ಒಲೆಯವರೆಗೂ ಹೋಗಬಹುದು. ಮೊದಲು ಟ್ಯಾಂಕನ್ನು ಒಲೆಯಿಂದ ದೂರ, ಬಯಲಿಗೆ ತನ್ನಿ.

ವೆಲ್ಡಿಂಗ್ ಅನ್ನು ಪೆಟ್ರೋಲ್ ಟ್ಯಾಂಕ್ ಕೆಲಸ ಮಾಡಿ ಗೊತ್ತಿರುವವರೇ ಮಾಡಬೇಕು. ಚೆನ್ನಾಗಿ ತೊಳೆದು, ನೀರು ತುಂಬಿ, ಬೆಸೆಯುವ ಜಾಗ ಮಾತ್ರ ಬಿಟ್ಟು ಮಾಡುತ್ತಾರೆ. ಮುಗಿದ ಮೇಲೆ ಒಣಗಿಸಿ, ಸ್ವಲ್ಪವೇ ಗಾಳಿ ಕೊಟ್ಟು ಸಾಬೂನು ನೀರು ಹಚ್ಚಿ ನೋಡಬೇಕು. ಕಂಪ್ರೆಸರ್ ಜೋರು ಬಿಟ್ಟರೆ ಟ್ಯಾಂಕ್ ಉಬ್ಬಿಹೋಗುತ್ತದೆ.

ಪ್ರಶ್ನೆ ಕೇಳಿದವರು:
ಈಗಲೇ ಅಂಗಳದ ಆಚೆ ಇಟ್ಟು ಬಂದೆ. ಬೀಗ ಇರುವ ಕ್ಯಾಪ್ ಹಾಕಿದರೆ ಆಗುತ್ತಾ?

ಉತ್ತರ:
ರಸ್ತೆಗೆ ಬೀಗದ್ದೇ ಒಳ್ಳೆಯದು, ಹೊರಗೆ ಕಾಣುವ ಕ್ಯಾಪ್ ಅಂದ್ರೆ ಪೈಪ್ ಹಾಕಿ ಪೆಟ್ರೋಲ್ ಎಳೆಯುವವರೂ ಇರುತ್ತಾರೆ. ತಟ್ಟನೆ ತೆರೆಯುವ ರೇಸ್ ಕ್ಯಾಪ್ ಟ್ರ್ಯಾಕಿಗೆ ಹೋದಾಗ ಹಾಕಿಕೊಳ್ಳಿ. ಬಾನೆಟ್ ಸಿಕ್ಕ ಮೇಲೆ ಅದನ್ನೂ ತೊಳೆಸಿದ ಟ್ಯಾಂಕನ್ನೂ ಮಾತ್ರ ತನ್ನಿ, ಕಾರು ಅಲ್ಲೇ ಇರಲಿ. ರಟ್ಟಿನಲ್ಲಿ ಅಳತೆ ತೆಗೆದುಕೊಡುತ್ತೇನೆ.