ಅಪ್‌ಡೇಟ್: ಆಫೀಸ್ ಸೀಲಿಂಗ್‌ನಿಂದ ಬಿದ್ದ ಧೂಳು, ಆಸ್ಬೆಸ್ಟಾಸ್ ಮತ್ತು ನಮ್ಮ ಯೂನಿಯನ್

ಮೂರು ವಾರದ ಹಿಂದೆ ಕೇಳಿದ್ದೆ: ಕೇಬಲ್ ಎಳೆಯಲು ಆಫೀಸಿನ ಸೀಲಿಂಗ್ ಕೊರೆದಿದ್ದಾರೆ, ಕೀಬೋರ್ಡ್ ಮೇಲೆಲ್ಲ ಬೂದು ಧೂಳು, ಆಸ್ಬೆಸ್ಟಾಸ್ (ಉಸಿರಿನಲ್ಲಿ ಒಳಹೋದರೆ ಶ್ವಾಸಕೋಶ ಕೆಡಿಸುವ, ನಾರಿನಂಥ ಖನಿಜ) ಇರಬಹುದಾ, ಯೂನಿಯನ್ ಏನು ಮಾಡಬಹುದು ಅಂತ.

ಕೆಲಸಕ್ಕೆ ಬಂದದ್ದು "ಬಾಯಿಮಾತು ಬಿಡಿ, ಯೂನಿಯನ್ ಲೆಟರ್‌ಹೆಡ್‌ನಲ್ಲೇ ಕೇಳಿ" ಅನ್ನುವ ಸಲಹೆ. ನಾನೊಬ್ಬಳೇ ಕಳಿಸಿದ ಮೂರು ಮೇಲ್‌ಗೆ ಉತ್ತರವೇ ಬಂದಿರಲಿಲ್ಲ. ಯೂನಿಯನ್ ಪತ್ರದಲ್ಲಿ ಎರಡೇ ಬೇಡಿಕೆ: ಕಟ್ಟಡದ ಆಸ್ಬೆಸ್ಟಾಸ್ ಸರ್ವೆ ವರದಿ ತೋರಿಸಿ, ಅಲ್ಲಿಯವರೆಗೆ ಕೊರೆಯುವುದನ್ನು ನಿಲ್ಲಿಸಿ. ಮರುದಿನವೇ ಆ ಮಹಡಿಗೆ ಬೀಗ ಬಿತ್ತು.

ಲ್ಯಾಬ್ ವರದಿ ನೋಡಿ ಆಶ್ಚರ್ಯವಾಯಿತು. ಸೀಲಿಂಗ್ ಹಲಗೆಯಲ್ಲಿ ಏನೂ ಇರಲಿಲ್ಲ! ಅದರ ಮೇಲಿನ ಹಳೆಯ ಪೈಪಿಗೆ ಸುತ್ತಿದ್ದ ಹೊದಿಕೆಯಲ್ಲಿ ಕ್ರಿಸೊಟೈಲ್, ಅಂದರೆ ಬಿಳಿ ಆಸ್ಬೆಸ್ಟಾಸ್ ಸಿಕ್ಕಿತು. ಕೇಬಲ್ ಉಜ್ಜಿದ ಕಡೆ ಹೊದಿಕೆ ಹರಿದು ಹತ್ತಿಯಂತೆ ಎಳೆ ಎದ್ದಿತ್ತು.

"ಈಗಲೇ ಎದೆಯ ಎಕ್ಸ್‌ರೇ ತೆಗೆಸಿ" ಅನ್ನುವ ಸಲಹೆ ಉಪಯೋಗಕ್ಕೆ ಬರಲಿಲ್ಲ. ಕಾಯಿಲೆ ಕಾಣಿಸಲು 10ರಿಂದ 40 ವರ್ಷ ಹಿಡಿಯಬಹುದು, ಈಗ ತೆಗೆದರೆ ಏನೂ ಗೊತ್ತಾಗುವುದಿಲ್ಲ. ಅದಕ್ಕೇ ಯಾರು, ಯಾವತ್ತು, ಎಷ್ಟು ಹೊತ್ತು ಅಲ್ಲಿದ್ದರು ಎಂದು ಯೂನಿಯನ್ ದಾಖಲೆ ಮಾಡಿಸಿತು. ನನಗೆ ಇದೇ ದೊಡ್ಡ ಗೆಲುವು. ಸರ್ಜಿಕಲ್ ಮಾಸ್ಕ್ ಈ ಎಳೆಗಳನ್ನು ತಡೆಯುವುದಿಲ್ಲ. ಧೂಳನ್ನು ಸುಮ್ನೆ ಗುಡಿಸಬೇಡಿ, ಮಾಮೂಲಿ ವ್ಯಾಕ್ಯೂಮ್ ಕೂಡ ಬೇಡ, ಇನ್ನೂ ಜಾಸ್ತಿ ಹಾರುತ್ತದೆ.

ಹೊದಿಕೆ ತೆಗೆಯುವ ತರಬೇತಿ ಪಡೆದ ತಂಡ ಮುಂದಿನ ವಾರ ಬರುತ್ತದೆ. ಗಾಳಿ ಪರೀಕ್ಷೆ ಮುಗಿಯುವವರೆಗೆ ನಾವು ಕೆಳಮಹಡಿಯಲ್ಲೇ.