ಡಿಗ್ರಿಯಲ್ಲಿ ಜಿಪಿಎ 2.9. ಅಮೆರಿಕದಲ್ಲಿ ಮೆಡಿಕಲ್ ಸೀಟು ಸಿಗುತ್ತಾ? ಅನುಭವ ಇದ್ದವರು ಹೇಳಿ

ಕೇಳಿದವರು: ನ್ಯೂಜೆರ್ಸಿಯಿಂದ ಒಬ್ಬ ತಾಯಿ

ಎಲ್ಲರಿಗೂ ನಮಸ್ಕಾರ. ನಮ್ಮ ಮಗಳು ಈ ಮೇ ತಿಂಗಳಲ್ಲಿ ಬಯಾಲಜಿ ಡಿಗ್ರಿ ಮುಗಿಸಿದಳು. 120 ಕ್ರೆಡಿಟ್, ಜಿಪಿಎ (ಗ್ರೇಡುಗಳ ಸರಾಸರಿ) 4ಕ್ಕೆ 2.9. ಅವಳ ಎರಡನೇ ವರ್ಷದಲ್ಲಿ ನಮ್ಮ ಯಜಮಾನರಿಗೆ ಬೈಪಾಸ್ ಆಯಿತು. ಆ ವರ್ಷವೆಲ್ಲ ಅವಳು ಮನೆ, ಆಸ್ಪತ್ರೆ, ಕಾಲೇಜು ಅಂತ ಕಾರು ಓಡಿಸಿದ್ದೇ ಆಯಿತು. ಆರ್ಗ್ಯಾನಿಕ್ ಕೆಮಿಸ್ಟ್ರಿಯಲ್ಲಿ ಸಿ ಬಂತು, ಫಿಸಿಕ್ಸ್‌ನಲ್ಲಿ ಡಿ. ಕೊನೇ ವರ್ಷ ಪರವಾಗಿಲ್ಲ. ಡಾಕ್ಟರ್ ಆಗುವ ಆಸೆಯನ್ನು ಮಾತ್ರ ಅವಳು ಬಿಟ್ಟಿಲ್ಲ. ಒಬ್ಬರು ಮಾಸ್ಟರ್ಸ್ ಮಾಡಿಸಿ ಅಂತಾರೆ. ಇನ್ನೊಬ್ಬರು ಮೆಡಿಕಲ್ ಪ್ರವೇಶ ಪರೀಕ್ಷೆ ಎಂಕ್ಯಾಟ್‌ನಲ್ಲಿ ಒಳ್ಳೆ ಸ್ಕೋರ್ ಬಂದರೆ ಸಾಕು ಅಂತಾರೆ. ಊರಿನಲ್ಲಿರುವ ನಮ್ಮಣ್ಣ, ಬೆಂಗಳೂರಿಗೆ ಕಳಿಸು, ಎನ್‌ಆರ್‌ಐ ಕೋಟಾ ಇದೆ ಅಂತಾನೆ. ಈ ದಾರಿಯಲ್ಲಿ ನಡೆದವರು ದಯವಿಟ್ಟು ತಿಳಿಸಿ.

ಒಹಾಯೊದಿಂದ, ಇಂಟರ್ನಲ್ ಮೆಡಿಸಿನ್ ಡಾಕ್ಟರ್

ಅಕ್ಕಾ, ನಾನು 2.8 ಇಟ್ಟುಕೊಂಡು ಹೊರಟವನು. ಸೀಟು ಸಿಕ್ಕಾಗ 27 ವರ್ಷ. ಹಾಗಾಗಿ ಸಾಧ್ಯವಿದೆ. ಆದರೆ ಬೇಗ ಆಗುವ ಕೆಲಸ ಅಲ್ಲ.

ಮೊದಲು ಮಗಳ ಜೊತೆ ಕೂತು ಲೆಕ್ಕ ಹಾಕಿ. 120 ಕ್ರೆಡಿಟ್‌ಗೆ 2.9 ಅಂದರೆ 348 ಪಾಯಿಂಟ್. ಇನ್ನೂ 30 ಕ್ರೆಡಿಟ್ ಓದಿ ಎಲ್ಲದರಲ್ಲೂ ಎ, ಅಂದರೆ 4 ಪಾಯಿಂಟ್, ತೆಗೆದರೂ ಒಟ್ಟು 3.12ಕ್ಕೆ ಬರುತ್ತದೆ, ಅಷ್ಟೇ. ಎಂ.ಡಿ. (ಇಲ್ಲಿ ಡಾಕ್ಟರ್ ಆಗಲು ಓದುವ ಡಿಗ್ರಿ) ಕಾಲೇಜು ಸೇರುವವರ ಸರಾಸರಿ ಈಗ 3.7 ದಾಟಿದೆ. ಈ ಲೆಕ್ಕ ನೋಡಿ ನಾನು ಒಂದು ವಾರ ಸರಿಯಾಗಿ ಊಟ ಮಾಡಿರಲಿಲ್ಲ. ಡಿ ಬಂದ ವಿಷಯವನ್ನು ಮತ್ತೆ ಓದಿದರೆ ಹಳೆಯದು ಅಳಿಸಿಹೋಗುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಆಮ್‌ಕಾಸ್, ಅಂದರೆ ಎಂ.ಡಿ. ಕಾಲೇಜುಗಳಿಗೆ ಅರ್ಜಿ ಹಾಕುವ ವ್ಯವಸ್ಥೆ, ಎರಡೂ ಗ್ರೇಡನ್ನು ಲೆಕ್ಕಕ್ಕೆ ಹಿಡಿಯುತ್ತದೆ.

ಆದರೆ ಅದೇ ಅರ್ಜಿಯಲ್ಲಿ ಇನ್ನೆರಡು ಕಡೆ ಕಣ್ಣು ಹೋಗುತ್ತದೆ. ಒಂದು, ಬಿಸಿಪಿಎಂ. ಬಯಾಲಜಿ, ಕೆಮಿಸ್ಟ್ರಿ, ಫಿಸಿಕ್ಸ್, ಮ್ಯಾತ್ಸ್ ಇಷ್ಟನ್ನೇ ಸೇರಿಸಿದ ಜಿಪಿಎ. ಅಲ್ಲಿ ಕ್ರೆಡಿಟ್ ಕಡಿಮೆ ಇರುವುದರಿಂದ ಬೇಗ ಏರುತ್ತದೆ. 50 ಕ್ರೆಡಿಟ್‌ಗೆ 2.7 ಇದ್ದರೆ, 30 ಕ್ರೆಡಿಟ್ ಎ ಸೇರಿದಾಗ 3.19 ಆಗುತ್ತದೆ. ಇನ್ನೊಂದು, ವರ್ಷವಾರು ಸಾಲುಗಳು. ಮೊದಲ ವರ್ಷ, ಎರಡನೇ ವರ್ಷ ಅಂತ ಬೇರೆ ಬೇರೆ ತೋರಿಸುತ್ತಾರೆ. ಡಿಗ್ರಿ ಆದಮೇಲೆ ಓದಿದ ಪೋಸ್ಟ್‌ಬ್ಯಾಕ್ ಕೋರ್ಸ್‌ಗಳಿಗೂ ಒಂದು ಸಾಲಿದೆ. ಆ ಸಾಲಿನಲ್ಲಿ 3.9 ಇದ್ದರೆ ಓದುವವರಿಗೆ ಬೇರೆಯೇ ಹುಡುಗಿ ಕಾಣಿಸುತ್ತಾಳೆ. ನನ್ನನ್ನು ಒಳಗೆ ಕರೆದುಕೊಂಡಿದ್ದು ಆ ಸಾಲೇ ಅಂತ ನಾನು ನಂಬಿದ್ದೇನೆ.

ನಾನು ಮಾಡಿದ ತಪ್ಪನ್ನೂ ಹೇಳುತ್ತೇನೆ. ಡಿಗ್ರಿ ಮುಗಿದ ಕೂಡಲೇ, ಏನೂ ಬದಲಾಗದೆ, 25 ಕಾಲೇಜಿಗೆ ಅರ್ಜಿ ಹಾಕಿದೆ. ಒಂದು ಇಂಟರ್‌ವ್ಯೂ ಕೂಡ ಬರಲಿಲ್ಲ. ಅಪ್ಪ ಕೂಡಿಟ್ಟ ದುಡ್ಡು ಹೋಯಿತು. ಆಮೇಲೆ ರೀಅಪ್ಲಿಕೆಂಟ್ ಅಂತ ಪ್ರತಿ ಕಾಲೇಜೂ, ಹೋದ ಸಲಕ್ಕಿಂತ ಏನು ಬದಲಾಗಿದೆ ಅಂತ ಕೇಳಿತು. ಅದಕ್ಕೇ ಹೇಳುವುದು, ಹೇಳಿಕೊಳ್ಳುವಂಥದ್ದು ಕೈಯಲ್ಲಿ ಇರುವವರೆಗೂ ಅರ್ಜಿ ಬೇಡ.

ನನ್ನ ಗ್ರೇಡು ಬಿದ್ದಿದ್ದು ರಾತ್ರಿ ಪಾಳಿಯ ಕೆಲಸದಿಂದ. ಮೊದಲು ಆ ಕೆಲಸ ಬಿಟ್ಟೆ. ಒಂದು ಸೆಮಿಸ್ಟರ್ ಎರಡೇ ಕೋರ್ಸ್ ತೆಗೆದುಕೊಂಡೆ. ಎರಡರಲ್ಲೂ ಎ ಬಂದಮೇಲೆ ಮೂರು, ಆಮೇಲೆ ನಾಲ್ಕು. ಬಯೋಕೆಮಿಸ್ಟ್ರಿ, ಫಿಸಿಯಾಲಜಿ, ಜೆನೆಟಿಕ್ಸ್, ಸೆಲ್ ಬಯಾಲಜಿ, ಹೀಗೆ ಕಷ್ಟದವನ್ನೇ. ಸುಮ್ನೆ ಗ್ರೇಡ್ ಬರಲಿ ಅಂತ ಸುಲಭದ ಕೋರ್ಸ್ ತೆಗೆದುಕೊಂಡರೆ ಅವರಿಗೆ ಗೊತ್ತಾಗುತ್ತದೆ. ನಿಮ್ಮ ಯಜಮಾನರು ಈಗ ಹೇಗಿದ್ದಾರೆ? ಮನೆಯ ಜವಾಬ್ದಾರಿ ಇನ್ನೂ ಅವಳ ಮೇಲೇ ಇದ್ದರೆ ಅದನ್ನು ಇಳಿಸುವುದು ಮೊದಲ ಕೆಲಸ. ಕೋರ್ಸ್ ಆಮೇಲೆ.

ಕ್ಯಾಲಿಫೋರ್ನಿಯಾದಿಂದ ಇನ್ನೊಬ್ಬ ತಾಯಿ

ಮಾಸ್ಟರ್ಸ್ ವಿಷಯ ನಾನು ಹೇಳುತ್ತೇನೆ. ಬೇರೆಯವರ ಮಗುವಿಗೆ ಹೀಗಾಗಬಾರದು ಅಂತ ಬರೆಯುತ್ತಿದ್ದೇನೆ. ನನ್ನ ಮಗ ಡಿಗ್ರಿ ಮುಗಿಸಿದ ಆಗಸ್ಟ್‌ನಲ್ಲೇ ಎಸ್‌ಎಂಪಿಗೆ ಸೇರಿದ. ಸ್ಪೆಷಲ್ ಮಾಸ್ಟರ್ಸ್ ಪ್ರೋಗ್ರಾಂ ಅಂತ. ಮೆಡಿಕಲ್ ಕಾಲೇಜಿನ ಮೊದಲ ವರ್ಷದಲ್ಲಿ ಓದುವುದನ್ನೇ ಅಲ್ಲಿ ಓದಿಸುತ್ತಾರೆ. ಜಾರ್ಜ್‌ಟೌನ್‌ನಲ್ಲಿ 1975ರಿಂದ ನಡೆಯುತ್ತಿದೆ. ಚೆನ್ನಾಗಿ ಮಾಡಿದವರಿಗೆ ಇಷ್ಟು ಬಲವಾದ ಸಾಕ್ಷಿ ಬೇರೆ ಇಲ್ಲ.

ನಮ್ಮವನು ಬೇರೆ ಕಡೆ ಸೇರಿದ್ದ. ಓದುವ ಕ್ರಮ ಇನ್ನೂ ಸರಿಹೋಗಿರಲಿಲ್ಲ. ಬಿ, ಬಿ ಮೈನಸ್ ಬಂತು. ಡಿಗ್ರಿಯಲ್ಲಿ ಕಡಿಮೆ ಬಂದಾಗ ಏನಾದರೂ ಕಾರಣ ಹೇಳಬಹುದಿತ್ತು. ಅಲ್ಲಿ ಕಡಿಮೆ ಬಂದಮೇಲೆ ಹೇಳಲು ಏನೂ ಉಳಿಯಲಿಲ್ಲ. ಇನ್ನೊಂದು ವಿಷಯ ನಮಗೆ ಗೊತ್ತೇ ಇರಲಿಲ್ಲ. ಮಾಸ್ಟರ್ಸ್ ಗ್ರೇಡ್‌ಗಳು ಆಮ್‌ಕಾಸ್‌ನಲ್ಲಿ ಬೇರೆ ಸಾಲಿಗೆ ಹೋಗುತ್ತವೆ, ಡಿಗ್ರಿ ಜಿಪಿಎಯನ್ನು ಒಂದು ಪಾಯಿಂಟ್ ಕೂಡ ಮೇಲೆತ್ತುವುದಿಲ್ಲ. ಸಾಲ ಇನ್ನೂ ಕಟ್ಟುತ್ತಿದ್ದೇವೆ. ಮೇಲೆ ಡಾಕ್ಟರ್ ಹೇಳಿದ ಹಾಗೆ ಮೊದಲು ಹತ್ತಿರದ ಸ್ಟೇಟ್ ಕಾಲೇಜಿನಲ್ಲಿ ಎರಡು ಮೂರು ಕೋರ್ಸ್. ಅಲ್ಲಿ ಎ ಬರುವುದು ಅಭ್ಯಾಸ ಆದಮೇಲೂ ಬೇಕು ಅನಿಸಿದರೆ ಎಸ್‌ಎಂಪಿ.

ಮಿಷಿಗನ್‌ನಿಂದ, ಡಿ.ಓ. ಓದುತ್ತಿರುವ ವಿದ್ಯಾರ್ಥಿನಿ

ಆಂಟಿ, ಡಿ.ಓ. ಕಾಲೇಜುಗಳ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ನಮ್ಮ ಕನ್ನಡದವರ ಮನೆಗಳಲ್ಲಿ ಇದರ ಹೆಸರೇ ಕೇಳಿರುವುದಿಲ್ಲ, ಕೇಳಿದರೂ ಕಡಿಮೆ ಅಂದುಕೊಳ್ಳುತ್ತಾರೆ. ಡಿ.ಓ. ಅಂದರೆ ಆಸ್ಟಿಯೋಪಥಿಕ್ ಮೆಡಿಸಿನ್ ಡಿಗ್ರಿ. ಇಲ್ಲಿ ಅದನ್ನು ಓದಿದವರೂ ಪೂರ್ತಿ ಲೈಸೆನ್ಸ್ ಇರುವ ಡಾಕ್ಟರ್. ಔಷಧಿ ಬರೆಯಬಹುದು, ಆಪರೇಷನ್ ಮಾಡಬಹುದು. 2020ರಿಂದ ರೆಸಿಡೆನ್ಸಿ (ಡಿಗ್ರಿ ಆದಮೇಲೆ ಆಸ್ಪತ್ರೆಯಲ್ಲಿ ಪಡೆಯುವ ತರಬೇತಿ) ಮಾನ್ಯತೆಯೂ ಎಂ.ಡಿ., ಡಿ.ಓ. ಇಬ್ಬರಿಗೂ ಒಂದೇ. ಸೇರುವವರ ಸರಾಸರಿ ಜಿಪಿಎ ಎಂ.ಡಿ.ಗಿಂತ ಸ್ವಲ್ಪ ಕೆಳಗಿರುತ್ತದೆ. ನಿಮ್ಮ ನ್ಯೂಜೆರ್ಸಿಯಲ್ಲೇ, ಸ್ಟ್ರಾಟ್‌ಫರ್ಡ್‌ನಲ್ಲಿ, ರೋವನ್ ಯೂನಿವರ್ಸಿಟಿಯ ಡಿ.ಓ. ಕಾಲೇಜಿದೆ. ಒಂದು ಎಚ್ಚರಿಕೆ: ಡಿ.ಓ. ಅರ್ಜಿಯಲ್ಲಿ ಮತ್ತೆ ಓದಿದ ಕೋರ್ಸಿನ ಹೊಸ ಗ್ರೇಡ್ ಮಾತ್ರ ಹಿಡಿಯುತ್ತಾರೆ ಅಂತ ಹಳೆಯ ಸಲಹೆಗಳಲ್ಲಿ ಇರುತ್ತದೆ. ಅದು 2017ರಲ್ಲೇ ನಿಂತಿತು.

ನಾನು ಒಬ್ಬ ಡಿ.ಓ. ಡಾಕ್ಟರ ಹಿಂದೆ 40 ಗಂಟೆ ಶ್ಯಾಡೋಯಿಂಗ್ ಮಾಡಿ, ಅಂದರೆ ಜೊತೆಗಿದ್ದು ಅವರ ಕೆಲಸ ನೋಡಿ, ಅವರಿಂದಲೇ ಪತ್ರ ಬರೆಸಿಕೊಂಡೆ. ಇಂಟರ್‌ವ್ಯೂನಲ್ಲಿ ಅದರ ಬಗ್ಗೆಯೇ ಜಾಸ್ತಿ ಕೇಳಿದರು.

ಟೆಕ್ಸಾಸ್‌ನಿಂದ, ಮಕ್ಕಳ ಡಾಕ್ಟರ್, ಎಂಬಿಬಿಎಸ್ ಬೆಂಗಳೂರಿನಲ್ಲಿ

ನಿಮ್ಮ ಅಣ್ಣನವರ ಮಾತಿಗೆ ಉತ್ತರ. ಎನ್‌ಆರ್‌ಐ ಸೀಟಿಗೂ ನೀಟ್ ಬರೆಯಲೇಬೇಕು. ಕೋರ್ಸು ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ಆಮೇಲೆ ಅಮೆರಿಕಕ್ಕೆ ವಾಪಸ್ ಬರಬೇಕೆಂದರೆ ಯುಎಸ್‌ಎಂಎಲ್‌ಇ ಎಂಬ ಲೈಸೆನ್ಸ್ ಪರೀಕ್ಷೆ, ಹೊರದೇಶದಲ್ಲಿ ಓದಿದವರಿಗೆ ಬೇಕಾದ ಇಸಿಎಫ್‌ಎಂಜಿ ಸರ್ಟಿಫಿಕೇಟ್, ಕೊನೆಗೆ ರೆಸಿಡೆನ್ಸಿ ಮ್ಯಾಚ್, ಅಂದರೆ ತರಬೇತಿ ಸೀಟಿನ ಹಂಚಿಕೆ. 2024ರಲ್ಲಿ ಇಲ್ಲಿನ ಎಂ.ಡಿ., ಡಿ.ಓ. ಕೊನೇ ವರ್ಷದವರಲ್ಲಿ ನೂರಕ್ಕೆ 92ಕ್ಕಿಂತ ಹೆಚ್ಚು ಜನರಿಗೆ ಮ್ಯಾಚ್ ಆಯಿತು. ಹೊರದೇಶದಲ್ಲಿ ಓದಿದ ಅಮೆರಿಕ ಪ್ರಜೆಗಳಲ್ಲಿ ಸುಮಾರು 67. ನಾನು ಆ ದಾರಿಯಲ್ಲೇ ಬಂದವಳು, ಅದನ್ನು ಕಡಿಮೆ ಅನ್ನುತ್ತಿಲ್ಲ. ಆದರೆ ಇಲ್ಲೇ ಬೆಳೆದ ಹುಡುಗಿ ಎರಡು ವರ್ಷ ಉಳಿಸಲು ಹೋಗಿ ಇಷ್ಟು ಸುತ್ತುವುದು ನನಗೆ ಸರಿ ಕಾಣುವುದಿಲ್ಲ.

ಒಹಾಯೊದಿಂದ, ಮತ್ತೆ

ಎಂಕ್ಯಾಟ್ ಬಗ್ಗೆ ಬರೆಯುವುದು ಮರೆತಿದ್ದೆ ಅಕ್ಕಾ. 472ರಿಂದ 528ರವರೆಗೆ ಸ್ಕೋರ್ ಇರುತ್ತದೆ, ಎಂ.ಡಿ. ಕಾಲೇಜು ಸೇರುವವರ ಸರಾಸರಿ ಸುಮಾರು 512. ಒಳ್ಳೆ ಸ್ಕೋರ್ ಬೇಕೇ ಬೇಕು, ಆದರೆ ಅದೊಂದರಿಂದಲೇ ಆಗುವುದಿಲ್ಲ. ಒಂದು ದಿನದ ಪರೀಕ್ಷೆ ಹಳೆಯ ಗ್ರೇಡುಗಳಿಗೆ ಪೂರ್ತಿ ಉತ್ತರ ಆಗುವುದಿಲ್ಲ. ಬಯೋಕೆಮಿಸ್ಟ್ರಿ, ಫಿಸಿಯಾಲಜಿ ಮುಗಿದಮೇಲೆ ಬರೆಯಲಿ. ಒಂದು ವರ್ಷಕ್ಕೆ ಮೂರು ಸಲ, ಜೀವನದಲ್ಲಿ ಏಳು ಸಲ ಮಾತ್ರ ಅವಕಾಶ. ಹೆಸರು ಕೊಟ್ಟು ಹೋಗದಿದ್ದರೂ ಒಂದು ಸಲ ಅಂತಲೇ ಲೆಕ್ಕ. ಸುಮ್ನೆ ನೋಡೋಣ ಅಂತ ಬರೆಸಬೇಡಿ.

ಅಪ್ಪನ ಬೈಪಾಸ್ ವಿಷಯವನ್ನು ಅವಳು ಮುಚ್ಚಿಡಬೇಕಿಲ್ಲ. ಹಾಗಂತ ಅರ್ಜಿಯ ಜೊತೆ ಬರೆಯುವ 5,300 ಅಕ್ಷರದ ಪ್ರಬಂಧವನ್ನೆಲ್ಲ ಅದಕ್ಕೇ ಕೊಡಬಾರದು. ಓದಿನಲ್ಲಿ ತೊಂದರೆ ಆಗಿತ್ತಾ ಅಂತ ತುಂಬಾ ಕಾಲೇಜುಗಳು ಸೆಕೆಂಡರಿ ಅರ್ಜಿಯಲ್ಲಿ, ಅಂದರೆ ಆಮೇಲೆ ತಾವೇ ಕಳಿಸುವ ಎರಡನೇ ಅರ್ಜಿಯಲ್ಲಿ, ಕೇಳುತ್ತವೆ. ಏನಾಯಿತು, ಆಮೇಲೆ ಏನು ಬದಲಾಯಿಸಿಕೊಂಡೆ, ಈಗ ಗ್ರೇಡ್ ಹೇಗಿದೆ, ಇಷ್ಟನ್ನು ಅಲ್ಲಿ ಬರೆದರೆ ಸಾಕು. ಪ್ರಬಂಧದಲ್ಲಿ ಅವಳು ರೋಗಿಗಳ ಹತ್ತಿರ ಕಂಡಿದ್ದು ಇರಲಿ. ನಾನು ಎಮರ್ಜೆನ್ಸಿಯಲ್ಲಿ ಸ್ಕ್ರೈಬ್ (ಡಾಕ್ಟರ ಪರವಾಗಿ ರೋಗಿಯ ವಿವರ ಬರೆದುಕೊಳ್ಳುವವನು) ಆಗಿ ಒಂದೂವರೆ ವರ್ಷ ಕೆಲಸ ಮಾಡಿದೆ. ಬರೆಯಲು ವಿಷಯ ಸಿಕ್ಕಿದ್ದು ಅಲ್ಲೇ.

ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟು ಬಿಡಿಸಿ ಹೇಳುತ್ತೀರಿ ಅಂದುಕೊಂಡಿರಲಿಲ್ಲ. ಯಜಮಾನರು ಈಗ ಚೆನ್ನಾಗಿದ್ದಾರೆ, ಅವರೇ ಕಾರು ಓಡಿಸುತ್ತಾರೆ. ನಿನ್ನೆ ರಾತ್ರಿ ಮೂವರೂ ಕೂತು ನೀವು ಹೇಳಿದ್ದನ್ನೆಲ್ಲ ಓದಿದೆವು. ಮಗಳು ಬಿಸಿಪಿಎಂ ಲೆಕ್ಕ ಹಾಕಿದಳು, 2.74 ಬಂತು. ಈ ಸಲ ಅರ್ಜಿ ಹಾಕುವುದಿಲ್ಲ ಅಂತ ಅವಳೇ ಹೇಳಿದಳು. ಸೆಪ್ಟೆಂಬರ್‌ಗೆ ಬಯೋಕೆಮಿಸ್ಟ್ರಿ, ಜೆನೆಟಿಕ್ಸ್ ಎರಡೇ. ಅಪ್ಪನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಾಗಿ ಬಂದರೆ ಇನ್ನುಮುಂದೆ ನಾನೇ ಹೋಗುತ್ತೇನೆ ಅಂತ ಅವಳಿಗೆ ಹೇಳಿದ್ದೇನೆ. ಅಣ್ಣನಿಗೆ ಭಾನುವಾರ ಫೋನ್ ಮಾಡಿ ತಿಳಿಸುತ್ತೇನೆ.